ಸಭೆಯಲ್ಲಿ ಯಾರಿಗೆ ಕುರ್ಚಿ? ಶಾಂತಿಯ ಕೆಲಸ, ತಾಯಂದಿರು ಮತ್ತು ನಮ್ಮ ಕರಾವಳಿಯ ಶಾಲೆ

ಬಿ.ಇಡಿ. ಪಠ್ಯಕ್ರಮದಲ್ಲಿ ‘ಲಿಂಗತ್ವ, ಶಾಲೆ ಮತ್ತು ಸಮಾಜ’ ಒಂದು ವಿಷಯವಾಗಿದೆ. ಶಾಂತಿ ಶಿಕ್ಷಣದ ಮಾತು ಅದಕ್ಕೂ ಮೊದಲಿನದು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಜೊತೆಗೆ ಎನ್‌ಸಿಇಆರ್‌ಟಿ ಆ ಕುರಿತೇ ಒಂದು ಪ್ರತ್ಯೇಕ ಪ್ರಬಂಧ ಹೊರತಂದಿತ್ತು. ಇವೆರಡೂ ಕೂಡುವ ಕಡೆ, ಅಂದರೆ ಸಂಘರ್ಷದ ನೆಲದಲ್ಲಿ ಶಾಂತಿಗಾಗಿ ಮಹಿಳೆಯರು ಮಾಡಿದ ಕೆಲಸದ ಬಗ್ಗೆ ಸೆಮಿನಾರು ಕೊಟ್ಟಾಗ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ವಾದ ಬರೆದು ತರುತ್ತಾರೆ: ಹೆಣ್ಣು ಸ್ವಭಾವತಃ ಕರುಣಾಮಯಿ, ಹಾಗಾಗಿ ಆಕೆ ಶಾಂತಿದೂತೆ. ಈ ವಾದ ನಿಲ್ಲುವುದಿಲ್ಲ. ಗಲಭೆಯ ದಿನಗಳಲ್ಲಿ ಸುಳ್ಳು ಸುದ್ದಿಯನ್ನು ಮನೆಯಿಂದ ಮನೆಗೆ ದಾಟಿಸುವ ಹೆಂಗಸರೂ ಇರುತ್ತಾರೆ, ಅದನ್ನು ತಡೆಯುವ ಗಂಡಸರೂ ಇರುತ್ತಾರೆ. ಸ್ವಭಾವದ ಮಾತು ಬಿಟ್ಟು ಎರಡು ಸರಳ ಪ್ರಶ್ನೆ ಕೇಳಿಕೊಂಡರೆ ವಿಷಯ ತಿಳಿಯಾಗುತ್ತದೆ. ದಿನವೂ ಆ ಕೇರಿಯಿಂದ ಈ ಕೇರಿಗೆ ಹೋಗಿ ಬರುವವರು ಯಾರು? ತೀರ್ಮಾನ ಮಾಡುವ ಸಭೆಯಲ್ಲಿ ಕುರ್ಚಿ ಇರುವುದು ಯಾರಿಗೆ?

ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ 1989ರಿಂದ 2003ರವರೆಗೆ, ನಡುವೆ ಸ್ವಲ್ಪ ಬಿಡುವು ಬಿಟ್ಟರೆ, ಅಂತರ್ಯುದ್ಧವೇ. ಮಕ್ಕಳ ಕೈಗೆ ಬಂದೂಕು ಕೊಟ್ಟ ಯುದ್ಧ ಅದು. 2003ರಲ್ಲಿ ರಾಜಧಾನಿ ಮನ್ರೋವಿಯದ ಮೀನು ಮಾರುಕಟ್ಟೆಯ ಹತ್ತಿರದ ಬಯಲಿಗೆ ಬಿಳಿ ಬಟ್ಟೆ ಉಟ್ಟ ಹೆಂಗಸರು ದಿನವೂ ಬಂದು ಕೂತರು. ಅವರಲ್ಲಿ ಕ್ರೈಸ್ತರೂ ಇದ್ದರು, ಮುಸ್ಲಿಮರೂ ಇದ್ದರು. ಮುಂದಾಳಾಗಿದ್ದ ಲೇಮಾ ಗ್ಬೋವಿ ಅವರಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಘಾನಾದ ಅಕ್ರಾದಲ್ಲಿ ಸಂಧಾನ ಎಳೆದಾಡತೊಡಗಿದಾಗ ಈ ಹೆಂಗಸರು ಸಭಾಂಗಣದ ಬಾಗಿಲಿಗೇ ಅಡ್ಡ ಕೂತು, ಒಳಗಿದ್ದವರನ್ನು ಹೊರಗೆ ಬಿಡುವುದಿಲ್ಲ ಎಂದರು. ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ಪ್ರಬಂಧಗಳು ಇಲ್ಲಿ ಚಪ್ಪಾಳೆ ತಟ್ಟಿ ಮುಗಿಯುತ್ತವೆ. ಆದರೆ ಒಂದು ಅಂಶ ಗಮನಿಸಿ: ಅವರು ಕೂತದ್ದು ಬಾಗಿಲ ಹೊರಗೆ. ಶಾಂತಿ ಮಾತುಕತೆಯ ಮೇಜಿನ ಬಳಿ ಮಹಿಳೆಯರಿರಬೇಕು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದೇ ತನ್ನ 1325ನೆಯ ನಿರ್ಣಯದಲ್ಲಿ ಹೇಳಿತ್ತು.

ನಮ್ಮ ಕರಾವಳಿಯನ್ನು ಲೈಬೀರಿಯದ ಪಕ್ಕದಲ್ಲಿಟ್ಟು ನೋಡುವುದು ಅತಿಯಾದೀತು. ಆದರೂ ಬೋಧನಾಭ್ಯಾಸಕ್ಕೆಂದು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕಿನ ಶಾಲೆಗಳಿಗೆ ಹೋಗುವವರಿಗೆ ಇಲ್ಲಿನ ಇತಿಹಾಸ ಗೊತ್ತಿರಬೇಕು. 1993ರಲ್ಲಿ ಭಟ್ಕಳದಲ್ಲಿ ಎದ್ದ ಕೋಮು ಗಲಭೆ ತಿಂಗಳುಗಟ್ಟಲೆ ನಡೆಯಿತು. ವಿಚಾರಣೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ರಚನೆಯಾಯಿತು. 1996ರ ಏಪ್ರಿಲ್‌ನಲ್ಲಿ ಶಾಸಕ ಡಾ. ಯು. ಚಿತ್ತರಂಜನ್ ಅವರ ಹತ್ಯೆಯಾಯಿತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಸಾವು ಹೇಗಾಯಿತು ಎಂಬುದರ ಬಗ್ಗೆ ಬಗೆಬಗೆಯ ಕಥೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಗಲಭೆ ಹೊನ್ನಾವರದಿಂದ ಕುಮಟಾಕ್ಕೆ, ಅಲ್ಲಿಂದ ಘಟ್ಟ ಹತ್ತಿ ಶಿರಸಿಗೂ ಹೋಯಿತು. ಕುಮಟಾದಲ್ಲಿ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಸುಮಾರು ಐದು ವರ್ಷದ ಮೇಲೆ, 2022ರಲ್ಲಿ, ಅದು ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ಸಿಬಿಐ ನ್ಯಾಯಾಲಯಕ್ಕೆ ವರದಿ ಕೊಟ್ಟಿತು.

ಇಂಥ ದಿನಗಳಲ್ಲಿ ಹಾಜರಿ ಪುಸ್ತಕವೂ ಒಂದು ಸಾಕ್ಷಿ. ಗೇರುಸೊಪ್ಪೆಯ ಕಡೆಯಿಂದ ಹೊನ್ನಾವರಕ್ಕೆ, ಶಿರಾಲಿಯಿಂದ ಭಟ್ಕಳಕ್ಕೆ, ಮಿರ್ಜಾನಿನಿಂದ ಕುಮಟಾಕ್ಕೆ ಬಸ್ಸಿನಲ್ಲಿ ಬರುವ ಮಕ್ಕಳಲ್ಲಿ ಮನೆಯವರು ಮೊದಲು ನಿಲ್ಲಿಸುವುದು ಹೆಣ್ಣುಮಕ್ಕಳನ್ನು. ತಿರುಗಿ ಕಳಿಸುವುದೂ ಅವರನ್ನು ಕೊನೆಗೆ. ಉಡುಪಿಯಲ್ಲಿ ಹುಟ್ಟಿದ ಶಿರವಸ್ತ್ರದ ವಿವಾದ ಬೆಳೆದು 2022ರ ಫೆಬ್ರುವರಿಯಲ್ಲಿ ಸರಕಾರ ರಾಜ್ಯದ ಪ್ರೌಢಶಾಲೆ, ಕಾಲೇಜುಗಳನ್ನು ಮೂರು ದಿನ ಮುಚ್ಚಬೇಕಾಯಿತು. ವಾದದ ಎರಡೂ ಬದಿಯಲ್ಲಿ ದೊಡ್ಡ ಗಂಟಲುಗಳಿದ್ದವು. ತರಗತಿ ತಪ್ಪಿಸಿಕೊಂಡವರು ಹುಡುಗಿಯರು. ‘ಸಂಘರ್ಷಪೀಡಿತ ಪ್ರದೇಶದಲ್ಲಿ ಬಾಲಕಿಯರ ಶಿಕ್ಷಣ’ ಎಂಬ ಘಟಕಕ್ಕೆ ಅಫಘಾನಿಸ್ತಾನದ ಉದಾಹರಣೆಯೊಂದೇ ಬೇಕೆಂದಿಲ್ಲ.

ಇನ್ನು ಮೊದಲ ಪ್ರಶ್ನೆ, ಕೇರಿ ದಾಟುವವರದು. ಬೆಳಗ್ಗೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಮೀನುಗಾರ ಹೆಂಗಸು ಯಾರ ಮನೆಯ ಅಂಗಳಕ್ಕಾದರೂ ಹೋಗುತ್ತಾಳೆ. ಆ ಮನೆಯ ಸುಖದುಃಖವೂ ಅವಳಿಗೆ ಗೊತ್ತು. ಭಟ್ಕಳ ಮಲ್ಲಿಗೆ ಬೆಳೆದು ಕಟ್ಟುವ ಕೈಗಳು ಹೆಚ್ಚಾಗಿ ಹಿಂದೂ ಮನೆಗಳವು. ಆ ಹೂವಿಗೆ ದೊಡ್ಡ ಬೇಡಿಕೆ ಇರುವುದು ನವಾಯತರ ಮದುವೆಗಳಲ್ಲಿ. ಶಾಲೆಯೊಳಗೆ ಬಂದರೆ ಬಿಸಿಯೂಟದ ಅಡುಗೆಯವರು, ಪಕ್ಕದ ಅಂಗನವಾಡಿ ಕಾರ್ಯಕರ್ತೆ, ಊರಿನವರು ‘ಅಕ್ಕೋರು’ ಎಂದು ಕರೆಯುವ ಶಿಕ್ಷಕಿ. ಗಂಡಸರು ಎಲ್ಲಿದ್ದಾರೆ? ಭಟ್ಕಳದ ಎಷ್ಟೋ ತಂದೆಯರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ, ಟೊಂಕ, ಕಾಸರಕೋಡಿನಂಥ ಕಡೆ ಹಲವರು ಕಡಲಿಗಿಳಿದಿದ್ದಾರೆ. ಪ್ರಗತಿ ಪತ್ರಕ್ಕೆ ಸಹಿ ಹಾಕುವವಳು, ನಾಳೆ ಮಗುವನ್ನು ಕಳಿಸಲೋ ಬೇಡವೋ ಎಂದು ರಾತ್ರಿ ಯೋಚಿಸುವವಳು ತಾಯಿ.

ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸಂತೋಷದ್ದಲ್ಲ. ಹಬ್ಬಗಳ ಮುಂಚೆ ಪೊಲೀಸ್ ಠಾಣೆಯಲ್ಲಿ ಕರೆಯುವ ಶಾಂತಿ ಸಮಿತಿ ಸಭೆಯ ಫೋಟೋ ಪತ್ರಿಕೆಯಲ್ಲಿ ಬಂದಾಗ ಎಣಿಸಿ ನೋಡಿ. ಮುಖಂಡರೆಂದರೆ ಗಂಡಸರು ಎಂಬುದು ಅಲ್ಲಿ ಹೇಳದೆಯೇ ಒಪ್ಪಿಕೊಂಡ ನಿಯಮ. ಆದರೆ ಕಾನೂನೇ ತಾಯಂದಿರಿಗೆ ಕುರ್ಚಿ ಹಾಕಿಕೊಟ್ಟ ಒಂದು ಸಭೆ ಪ್ರತಿ ಸರಕಾರಿ ಶಾಲೆಯಲ್ಲೂ ಇದೆ. ಶಿಕ್ಷಣ ಹಕ್ಕು ಕಾಯಿದೆ 2009ರ 21ನೆಯ ವಿಧಿಯಂತೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಎರಡು ಸಮುದಾಯದ ಮಕ್ಕಳಿರುವ ಶಾಲೆಯಲ್ಲಿ ಎರಡೂ ಕಡೆಯ ತಾಯಂದಿರು ನೀರಿನ ಟಾಕಿ, ಶೌಚಾಲಯ, ಅಡುಗೆ ಕೋಣೆಯ ಮಾಡಿನ ಬಗ್ಗೆ ಒಟ್ಟಿಗೆ ಕೂತು ಮಾತಾಡಲು ಇದಕ್ಕಿಂತ ಸಹಜವಾದ ಜಾಗ ಇನ್ನೊಂದು ಕಾಣದು. ಶಾಂತಿ ಎಂಬ ಶಬ್ದ ಅಲ್ಲಿ ಬರಬೇಕಾಗಿಯೂ ಇಲ್ಲ. ಟಾಕಿಯ ವಿಷಯಕ್ಕೆ ಫೋನ್ ನಂಬರು ವಿನಿಮಯ ಮಾಡಿಕೊಂಡವರು ಗಲಾಟೆಯ ಸುದ್ದಿ ಬಂದ ರಾತ್ರಿ ‘ಅಲ್ಲಿ ನಿಜವಾಗಿ ಏನಾಗಿದೆ ಅಕ್ಕಾ?’ ಎಂದು ಕೇಳಬಲ್ಲರು.

ಕಾನೂನು ಕುರ್ಚಿ ಹಾಕುತ್ತದೆ. ಕೂರಿಸುವ ಕೆಲಸ ಶಾಲೆಯದು. ಬೆಳಗ್ಗೆ 11ಕ್ಕೆ ಸಭೆ ಕರೆದರೆ ಮೀನು ಮಾರುವವಳು ಬರಲಾರಳು, ಹೂ ಕಟ್ಟಿ ಬಸ್ಸಿಗೆ ಕೊಡುವವಳೂ ಬರಲಾರಳು. ಮಧ್ಯಾಹ್ನ ಮೂರೂವರೆಗೆ ಕರೆದು ನೋಡಬೇಕು. ಸಭೆಯ ನೋಟೀಸು ಕನ್ನಡದಲ್ಲಿದ್ದರೂ ಮಾತು ನವಾಯತಿಗೆ, ಕೊಂಕಣಿಗೆ ಹೊರಳಲು ಅಡ್ಡಿಯಾಗಬಾರದು. ಸದಸ್ಯೆಯ ಬದಲು ಅವಳ ಗಂಡನೋ ಮೈದುನನೋ ಬಂದು ಸಹಿ ಹಾಕುವ ರೂಢಿಯನ್ನು ಮುಖ್ಯಾಧ್ಯಾಪಕರು ವಿನಯದಿಂದಲೇ ತಡೆಯಬೇಕು. ಇಂಟರ್ನ್‌ಶಿಪ್ಪಿನಲ್ಲಿ ಎಸ್‌ಡಿಎಂಸಿ ಸಭೆಯ ವೀಕ್ಷಣಾ ವರದಿ ಬರೆಯುವವರು ಹಾಜರಿದ್ದವರ ಸಂಖ್ಯೆಯ ಜೊತೆಗೆ ಮಾತಾಡಿದವರ ಸಂಖ್ಯೆಯನ್ನೂ ಬರೆದರೆ ವರದಿಗೆ ಬೆಲೆ ಬರುತ್ತದೆ.

ಮಕ್ಕಳೇ ಬೇರೆಬೇರೆ ಶಾಲೆಗೆ ಹೋಗುವ ಊರಿನಲ್ಲಿ ಇದು ಕಷ್ಟ, ನಿಜ. ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರಿಂದ ಇದೆ. ಅದರ ಹೆಣ್ಣುಮಕ್ಕಳ ಶಾಲೆ, ಕಾಲೇಜುಗಳು ಇಲ್ಲದಿದ್ದರೆ ಎಷ್ಟೋ ಹುಡುಗಿಯರು ಓದು ಮುಂದುವರಿಸುತ್ತಿರಲಿಲ್ಲ. ಹಾಗೆಯೇ ಇತರ ಸಮುದಾಯದವರು ನಡೆಸುವ ಶಾಲೆಗಳೂ ಇವೆ. ಪ್ರತ್ಯೇಕ ಶಾಲೆ ಓದಿನ ಬಾಗಿಲು ತೆರೆಯುತ್ತದೆ, ಆದರೆ ಬೆಂಚು ಹಂಚಿಕೊಳ್ಳುವ ಅವಕಾಶ ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಬೇಕು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಮಕ್ಕಳನ್ನು ಒಟ್ಟಿಗೆ ಓದಿಸಬೇಕೆಂದು ಪಾಲಕರೇ ಹಟ ಹಿಡಿದು 1981ರಲ್ಲಿ ಬೆಲ್‌ಫಾಸ್ಟಿನ ಲಗಾನ್ ಕಾಲೇಜನ್ನು 28 ಮಕ್ಕಳಿಂದ ಆರಂಭಿಸಿದರು. ನಾಲ್ಕು ದಶಕ ಕಳೆದ ಮೇಲೂ ಅಂಥ ಶಾಲೆಗಳಲ್ಲಿ ಓದುವವರು ಅಲ್ಲಿನ ಮಕ್ಕಳಲ್ಲಿ ಹತ್ತಕ್ಕೊಬ್ಬರಿಗಿಂತ ಕಡಿಮೆ. ಈ ಕೆಲಸದ ವೇಗ ಎಷ್ಟೆಂಬುದಕ್ಕೆ ಇದೊಂದು ಅಂದಾಜು.

ತರಗತಿಯೊಳಗೆ ಏನು ಮಾಡಬಹುದು? ಟೊಪ್ಪಿ, ಪೇಟ, ಶಿಲುಬೆ ತೊಡಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಭಾವೈಕ್ಯದ ನಾಟಕವನ್ನು ದಯವಿಟ್ಟು ಬಿಡಿ. ಅದು ಕಲಿಸುವುದು ವೇಷವನ್ನು. ಅದರ ಬದಲು ಎಂಟನೆಯ ತರಗತಿಗೆ ಮಳೆಗಾಲದ ಒಂದು ಪಾಠ ಯೋಜಿಸಿ. ಜುಲೈ ಬಂತೆಂದರೆ ‘ನಾಳೆ ಶಾಲೆಗೆ ರಜೆ, ಜಿಲ್ಲಾಧಿಕಾರಿ ಆದೇಶ’ ಎಂಬ ಸಂದೇಶ ಪಾಲಕರ ಮೊಬೈಲಿಗೆ ಬರುವುದು ಇಲ್ಲಿ ಮಾಮೂಲು. ಕೆಲವು ನಿಜ, ಕೆಲವು ಕಳೆದ ವರ್ಷದ ಆದೇಶದ ಫೋಟೋ. ಅಂಥ ಎರಡು ಸಂದೇಶಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ದಿನಾಂಕ ಇದೆಯೇ, ಸಹಿ ಯಾರದು, ಕಳಿಸಿದವರಿಗೆ ಯಾರು ಕಳಿಸಿದರು, ಖಚಿತಪಡಿಸಿಕೊಳ್ಳಲು ಯಾರನ್ನು ಕೇಳಬೇಕು ಎಂದು ಗುಂಪಿನಲ್ಲಿ ಚರ್ಚಿಸಲಿ. ಯಾರ ಮನಸ್ಸೂ ನೋಯದ ವಿಷಯ, ಎಲ್ಲರಿಗೂ ಅನುಭವವಿರುವ ವಿಷಯ. ಮನೆಗೆಲಸವಾಗಿ ಅಮ್ಮನಿಗೆ ಬಂದ ಒಂದು ಸಂದೇಶವನ್ನು ಅಮ್ಮನ ಜೊತೆ ಕೂತು ಇದೇ ರೀತಿ ಪರೀಕ್ಷಿಸಿ ಬರಲಿ. ಪಾಠ ಮನೆಗೂ ಹೋಗುತ್ತದೆ.

ಇತಿಹಾಸದ ಅವಧಿಗಾದರೆ ಗೇರುಸೊಪ್ಪೆಯಿಂದ ಘಟ್ಟ ಹತ್ತಿದರೆ ಸಿಗುವ ಮಾವಿನಗುಂಡಿ ಇದೆ. ಕರನಿರಾಕರಣೆಯ ಕಾಲದಲ್ಲಿ ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಅವರ ನೆನಪಿನ ಸ್ಮಾರಕ ಅಲ್ಲಿದೆ. ನೆರೆಯವನ ತಪ್ಪನ್ನು ನೆರೆತನ ಮುರಿಯದೆ ತೋರಿಸುವುದು ಹೇಗೆ ಎಂದು ಮಕ್ಕಳನ್ನು ಕೇಳಲು ಒಳ್ಳೆಯ ಪ್ರಸಂಗ.

ಪಾಠದ ನಡುವೆ ಮಗುವೊಂದು ನೇರವಾಗಿ 2017ರ ಬಗ್ಗೆ ಕೇಳಿಬಿಡಬಹುದು. ‘ಅದು ಪಾಠದಲ್ಲಿಲ್ಲ, ಕೂತ್ಕೊ’ ಎಂದರೆ ಮಗು ಉತ್ತರವನ್ನು ಬೇರೆಲ್ಲೋ ಹುಡುಕುತ್ತದೆ. ಆಗ ಏನು ಹೇಳಲಾಯಿತು, ಆಮೇಲೆ ತನಿಖೆ ಏನು ಹೇಳಿತು ಎಂಬ ಎರಡನ್ನೇ ಎರಡು ವಾಕ್ಯದಲ್ಲಿ ಹೇಳಿ. ಮಗನನ್ನು ಕಳೆದುಕೊಂಡ ಮನೆಯೊಂದು ಇದೇ ತಾಲೂಕಿನಲ್ಲಿದೆ ಎಂಬುದು ನಿಮ್ಮ ದನಿಯಲ್ಲಿರಲಿ. ತರಗತಿಯಲ್ಲಿ ಆ ಸಮುದಾಯದವರು ಯಾರು, ಈ ಸಮುದಾಯದವರು ಯಾರು ಎಂದು ಕಣ್ಣುಗಳು ತಿರುಗುವ ಮೊದಲೇ ಕಪ್ಪುಹಲಗೆಯ ಪ್ರಶ್ನೆಗಳಿಗೆ ಮರಳಿ: ಇದನ್ನು ಕಂಡವರು ಯಾರು, ಕೇಳಿದವರು ಯಾರು? ಸಂಜೆ ಮಾರ್ಗದರ್ಶಕ ಶಿಕ್ಷಕರಿಗೆ ಮತ್ತು ಮುಖ್ಯಾಧ್ಯಾಪಕರಿಗೆ ವಿಷಯ ತಿಳಿಸಿ, ದಿನಚರಿಯಲ್ಲಿ ಮಗುವಿನ ಹೆಸರಿಲ್ಲದೆ ಪ್ರಶ್ನೆಯನ್ನಷ್ಟೇ ಬರೆದಿಡಿ.