ಎಲ್ಲ ಹೆಗಲಿಗೂ ಒಂದೇ ಶಾಲು ಒಗ್ಗುವುದಿಲ್ಲ

ಸೆಪ್ಟೆಂಬರ್ 17 ಬಂತೆಂದರೆ ರಾವೂರ, ವಾಡಿ, ಶಹಾಬಾದ್ ಸೀಮೆಯಲ್ಲಿ ಎರಡು ಸಂಭ್ರಮ ಒಟ್ಟಿಗೆ. 1948ರ ಆ ದಿನ ನಿಜಾಮನ ಆಡಳಿತ ಮುಗಿದ ನೆನಪಿಗೆ ಊರೂರಲ್ಲಿ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾರ್ಖಾನೆ, ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ವಿಶ್ವಕರ್ಮ ಪೂಜೆ. ಮಷಿನ್ನಿಗೆ ಕುಂಕುಮ, ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಪೂಜೆ ಮುಗಿದ ಮೇಲೆ ಸತ್ಕಾರ. ಮೈಕಿನಲ್ಲಿ ಒಂದೊಂದೇ ಹೆಸರು ಕೂಗುತ್ತಾರೆ. ಕರೆಸಿಕೊಂಡವರು ಮೆಟ್ಟಿಲು ಹತ್ತುತ್ತಾರೆ, ಶಾಲು ಹೆಗಲಿಗೆ ಬೀಳುತ್ತದೆ, ಸ್ಮರಣಿಕೆ ಕೈಗೆ ಬರುತ್ತದೆ, ಫೋಟೊ ಆಗುತ್ತದೆ.

ಈ ಸತ್ಕಾರದ ಬಗ್ಗೆ ನನಗೆ ಗೌರವವಿದೆ. ಹಗಲಿಡೀ ಸಿಮೆಂಟು ಚೀಲ ಲಾರಿಗೆ ಏರಿಸುವ ಮನುಷ್ಯನ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ, ಮೈಕಿನಲ್ಲಿ ಕೇಳಿಬರುವುದು ಸಣ್ಣ ಸಂಗತಿಯಲ್ಲ. ಮಾತು, ನಗು, ಗೆಳೆಯರ ಗುಂಪು ಇವುಗಳಲ್ಲೇ ಜೀವ ತುಂಬಿಕೊಳ್ಳುವವರಿಗೆ ಆ ವೇದಿಕೆ ನಿಜವಾಗಿಯೂ ವರ್ಷದ ದೊಡ್ಡ ದಿನ. ಹೆಂಡತಿ ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿದ್ದರಂತೂ ಆ ಸಂತೋಷಕ್ಕೆ ಬೇರೆ ಸಾಟಿಯಿಲ್ಲ. ಆದರೆ ಅದೇ ಮೆಟ್ಟಿಲು ಹತ್ತುವಾಗ ಕಾಲು ನಡುಗುವವರೂ ಅದೇ ಕಾರ್ಖಾನೆಯಲ್ಲಿ, ಅದೇ ಪಾಳಿಯಲ್ಲಿ ಇದ್ದಾರೆ. ಅವರ ಕೆಲಸಕ್ಕೆ ಮೆಚ್ಚುಗೆ ಹೇಗೆ ಮುಟ್ಟಬೇಕು ಎಂಬುದನ್ನು ನಾವು ಯೋಚಿಸಿದ್ದು ಕಡಿಮೆ.

ಈ ಸೀಮೆಯಲ್ಲಿ ಕೆಲಸವೇ ಬಗೆಬಗೆಯದು. ವಾಡಿಯಲ್ಲಿ 1968ರಿಂದ ಎಸಿಸಿ ಕಾರ್ಖಾನೆ, ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ಚಿಂಚೋಳಿ ಕಡೆ ಛತ್ರಸಾಲದ ಸಿಮೆಂಟು ಘಟಕ. ರಾವೂರ, ಶಹಾಬಾದ್ ಸುತ್ತ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗಳು, ಪಾಲಿಶ್ ಘಟಕಗಳು. ಇವೆಲ್ಲದರ ನಡುವೆ ಮುಂಬೈ–ಚೆನ್ನೈ ರೈಲು ಮಾರ್ಗ, ಸಿಕಂದರಾಬಾದಿನ ದಾರಿ ಕೂಡುವ ವಾಡಿ ಜಂಕ್ಷನ್.

ಖಣಿಯಲ್ಲಿ ಪರ್ಸಿ ಎಬ್ಬಿಸುವವರನ್ನು ಹತ್ತಿರ ನಿಂತು ನೋಡಬೇಕು. ಇಲ್ಲಿನ ಸುಣ್ಣಕಲ್ಲು ಪದರ ಪದರವಾಗಿ ಮಲಗಿದೆ. ಅನುಭವಿ ಕೆಲಸಗಾರ ಮೊದಲು ಉಳಿ ಇಡುವುದಿಲ್ಲ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಾನೆ. ದನಿ ಗಟ್ಟಿಯಾಗಿ ಬಂದರೆ ಮುಂದಕ್ಕೆ ಸರಿಯುತ್ತಾನೆ, ಒಳಗೆ ಬಿಚ್ಚಿಕೊಂಡ ದನಿ ಬಂದ ಕಡೆ ಉಳಿ ಕೂರಿಸುತ್ತಾನೆ, ಹಾರೆ ಹಾಕಿ ಎಬ್ಬಿಸುತ್ತಾನೆ. ಇಡಿಯ ಹಾಸು ಸೀಳಿಲ್ಲದೆ ಮೇಲೆ ಬಂದರೆ ಅದಕ್ಕೊಂದು ಬೆಲೆ, ನಡುವೆ ಒಡೆದರೆ ಬೇರೆ ಬೆಲೆ. ಈ ಮನುಷ್ಯನಿಗೆ ತನ್ನ ಹತೋಟಿ ಚೆನ್ನಾಗಿ ಗೊತ್ತಿರುತ್ತದೆ, ಅದನ್ನು ಹಾಡಿ ಹೊಗಳಬೇಕೆಂದು ಅವನು ಕಾಯುವುದಿಲ್ಲ. ಅವನಿಗೆ ಸಲ್ಲುವ ಮರ್ಯಾದೆ ಬೇರೆ. ಹೊಸ ಮುಖ ತೆಗೆಯುವ ದಿನ ಖಣಿಯ ಮಾಲೀಕ ಬಂದು, “ಕಾಕಾ, ಈ ಕಡೆ ತೆಗಿಯೋದೋ, ಆ ಕಡೆ ತೆಗಿಯೋದೋ, ನೀವ ಹೇಳ್ರಿ” ಎಂದು ಕೇಳುವುದು, ಕೇಳಿದ ಮೇಲೆ ಅವನ ಮಾತಿನಂತೆ ನಡೆಯುವುದು. ಅಂಥವರಿಗೆ ನಗದು ಬಹುಮಾನದ ಪಾಕೀಟು ಕೊಟ್ಟು ಸುಮ್ಮನಾಗುವುದು ಸಾಲದು. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. ಒಗಟಿನ ತುಂಡುಗಳನ್ನು ಜೋಡಿಸುವುದರಲ್ಲಿ ಖುಷಿಯಾಗಿ ಮುಳುಗಿದ್ದ ವಿದ್ಯಾರ್ಥಿಗಳಿಗೆ ಅದಕ್ಕಾಗಿ ಹಣ ಕೊಟ್ಟು, ಆಮೇಲೆ ನಿಲ್ಲಿಸಿದಾಗ, ಬಿಡುವಿನಲ್ಲಿ ಅವರ ಆಸಕ್ತಿ ಮೊದಲಿಗಿಂತ ಕುಗ್ಗಿತ್ತು. ಕೂಲಿ ಕಡಿಮೆ ಕೊಡಲು ಇದನ್ನು ನೆಪ ಮಾಡಿಕೊಳ್ಳಬಾರದು. ಕೂಲಿ ದುಡಿದವರ ಹಕ್ಕು. ಮೆಚ್ಚುಗೆಯ ಲೆಕ್ಕ ಕೂಲಿಯ ಲೆಕ್ಕದಿಂದ ಬೇರೆಯಾಗಿಯೇ ಇರಬೇಕು.

ಸಿಮೆಂಟು ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿಗೆ ಕೂರುವವರ ಸ್ವಭಾವ ಇನ್ನೊಂದು. ಕಿಲ್ನ್ ಎಂಬ ಕುಲುಮೆಯೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮುಂದೆ ಸಿಮೆಂಟಾಗುವ ಕ್ಲಿಂಕರ್ ಬೇಯುತ್ತಿರುತ್ತದೆ. ಶಾಖ ಏರುಪೇರಾದರೆ ಒಳಗೋಡೆಯ ಇಟ್ಟಿಗೆಗೆ ಪೆಟ್ಟು. ಇಟ್ಟಿಗೆ ಬಿದ್ದರೆ ಕಿಲ್ನ್ ನಿಲ್ಲಿಸಿ, ತಣಿಸಿ, ಒಳಗಿಳಿದು ಹೊಸದಾಗಿ ಕಟ್ಟಿ ಮತ್ತೆ ಕಾಯಿಸುವಷ್ಟರಲ್ಲಿ ದಿನಗಳೇ ಹೋಗುತ್ತವೆ. ಪರದೆಯ ಮೇಲಿನ ಒಂದು ಗೆರೆ ಎಂದಿನಂತಿಲ್ಲ ಅನ್ನುವುದನ್ನು ಹಿಡಿದು, ಒಳಗೆ ಹೋಗುವ ಕಚ್ಚಾವಸ್ತುವಿನ ಫೀಡ್ ಸ್ವಲ್ಪ ಇಳಿಸಿ, ಕಲ್ಲಿದ್ದಲು ಹೊಂದಿಸಿ, ಬೆಳಗಿನವರೆಗೆ ಸಂಭಾಳಿಸಿದವರ ಸಾಧನೆ ಏನೆಂದರೆ ಆ ರಾತ್ರಿ ಏನೂ ಆಗಲಿಲ್ಲ ಎಂಬುದು. ಏನೂ ಆಗದ್ದಕ್ಕೆ ಸತ್ಕಾರ ಮಾಡುವ ರೂಢಿ ನಮ್ಮಲ್ಲಿಲ್ಲ. ಈ ಕೆಲಸಕ್ಕೆ ಒಗ್ಗುವವರು ಸಾಮಾನ್ಯವಾಗಿ ಮಿತಭಾಷಿಗಳು, ವಿವರಕ್ಕೆ ಬೆಲೆ ಕೊಡುವವರು. ಬೆಳಗ್ಗೆ ಬಂದ ಹಿರಿಯ ಅಧಿಕಾರಿ ಲಾಗ್‌ಬುಕ್ ಪೂರ್ತಿ ಓದಿ, “ರಾತ್ರಿ ಮೂರಕ್ಕ ಫೀಡ್ ಇಳಿಸೀರಿ, ಛಲೋ ಮಾಡೀರಿ, ಇಲ್ಲಂದ್ರ ಇವತ್ತ ಕಿಲ್ನ್ ನಿಂತಿರ್ತಿತ್ತು” ಎಂದರೆ ಅವರಿಗೆ ಅದು ಸಾಕು. ಯಾವ ಕೆಲಸ, ಯಾವ ಹೊತ್ತು, ಅದರಿಂದ ಏನಾಯಿತು ಎಂಬ ಮೂರೂ ಆ ಮಾತಿನಲ್ಲಿವೆ. “ನಿಮ್ಮ ಸೇವೆ ಅಮೂಲ್ಯ” ಎಂಬ ಮಾತಿನಲ್ಲಿ ಒಂದೂ ಇಲ್ಲ.

ರೈಲ್ವೆಯವರ ಒಂದು ಪದ್ಧತಿ ನನಗೆ ಹಿಡಿಸಿದ್ದು ಈ ಕಾರಣಕ್ಕೇ. ಹಳಿಯ ಉದ್ದಕ್ಕೂ ನಡೆದು ಕೀಲಿ ಬಿಗಿಮಾಡುವ ಕೀಮನ್ ಚಳಿಗಾಲದ ನಸುಕಿನಲ್ಲಿ ಹಳಿ ಬಿರಿದದ್ದು ಕಂಡು ಗಾಡಿ ನಿಲ್ಲಿಸಿದರೆ, ಜನರಲ್ ಮ್ಯಾನೇಜರ್ ಸುರಕ್ಷಾ ಪುರಸ್ಕಾರ ಸಿಗುವುದುಂಟು. ಯಾವ ದಿನ, ಎಲ್ಲಿ, ಏನು ಕಂಡರು, ಏನು ಮಾಡಿದರು ಎಂಬುದನ್ನು ವಿವರವಾಗಿ ಹೇಳಿ ಆ ಪುರಸ್ಕಾರ ಕೊಡುತ್ತಾರೆ.

ಮನುಷ್ಯರ ಸ್ವಭಾವ ಅಳೆಯಲು ಈಗ ಪ್ರಶ್ನಾವಳಿಗಳು ಬಂದಿವೆ. ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕದ ಆಧಾರದ ಮೇಲೆ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ರೂಪಿಸಿದ ಪರೀಕ್ಷೆ ಜನರನ್ನು 16 ಬಗೆಗಳಲ್ಲಿ ಹಂಚುತ್ತದೆ. ಕೆಲವು ವಾರ ಬಿಟ್ಟು ಅದನ್ನೇ ಮತ್ತೆ ತುಂಬಿದರೆ ಅನೇಕರು ಬೇರೆ ಬಗೆಗೆ ಸೇರಿಬಿಡುತ್ತಾರೆಂಬ ಟೀಕೆ ಅದರ ಮೇಲಿದೆ. ಕೆಲಸದ ಜಾಗದಲ್ಲಿ ಮೆಚ್ಚುಗೆ ತೋರುವ ಬಗೆಗಳ ಕುರಿತು ಗ್ಯಾರಿ ಚಾಪ್‌ಮನ್ ಮತ್ತು ಪಾಲ್ ವೈಟ್ 2011ರಲ್ಲಿ ಬರೆದ ಪುಸ್ತಕ ಹೆಚ್ಚು ಉಪಯುಕ್ತ ಎನ್ನಿಸುತ್ತದೆ. ಒಬ್ಬರಿಗೆ ಒಳ್ಳೆಯ ಮಾತು ಬೇಕು, ಇನ್ನೊಬ್ಬರಿಗೆ ತಮಗಾಗಿ ಕೊಟ್ಟ ಸಮಯ, ಮತ್ತೊಬ್ಬರಿಗೆ ಕೆಲಸದ ಹೊರೆಯಲ್ಲಿ ಕೈಜೋಡಿಸುವುದು, ಬೇರೊಬ್ಬರಿಗೆ ಉಡುಗೊರೆ ಎನ್ನುತ್ತಾರೆ ಅವರು. ಆದರೂ ನಮ್ಮ ಖಣಿ, ಕಾರ್ಖಾನೆಗಳಲ್ಲಿ ಯಾರಿಗೆ ಏನು ಬೇಕೆಂದು ತಿಳಿಯಲು ಫಾರ್ಮ್ ಬೇಕಿಲ್ಲ. ಯಾರು ಮಂದಿಯ ನಡುವೆ ಅರಳುತ್ತಾರೆ, ಯಾರು ಮುದುಡುತ್ತಾರೆ, ಯಾರಿಗೆ ಮಗಳ ಶಾಲೆಯ ಕಾರ್ಯಕ್ರಮಕ್ಕೆ ಒಂದು ದಿನದ ರಜೆ ಯಾವ ಪದಕಕ್ಕಿಂತಲೂ ಹೆಚ್ಚು ಎಂಬುದು ಮುಕಾದಮನಿಗೂ ಪಾಳಿಯ ಮೇಲ್ವಿಚಾರಕನಿಗೂ ಗೊತ್ತಿರುತ್ತದೆ. ಸತ್ಕಾರದ ಪಟ್ಟಿ ತಯಾರಾಗುವಾಗ ಅವರನ್ನು ಕೇಳುವವರಿಲ್ಲ, ಅಷ್ಟೇ.

ಇಲ್ಲಿ ಒಂದು ಎಚ್ಚರ ಬೇಕು. ಯಾರಿಗೆ ಸಲ್ಲಬೇಕು ಎಂಬುದಕ್ಕೆ ಎಲ್ಲರಿಗೂ ತಿಳಿದ ಒಂದೇ ಅಳತೆ ಇರಬೇಕು. ಹೇಗೆ ಸಲ್ಲಬೇಕು ಎಂಬುದಷ್ಟೇ ಅವರವರಿಗೆ ಬಿಟ್ಟದ್ದು. ಇವೆರಡು ಕಲೆತರೆ ಸಾಹೇಬರ ಹತ್ತಿರದವರಿಗೆ ಹೆಚ್ಚು, ದೂರದವರಿಗೆ ಕಡಿಮೆ ಆಗಿಬಿಡುತ್ತದೆ. ಇನ್ನೊಂದು, ಅಪಘಾತವೇ ಆಗದ ವಿಭಾಗಕ್ಕೆ ಬಹುಮಾನ ಎಂದು ಸಾರಿದರೆ ಬೆರಳು ಜಜ್ಜಿಕೊಂಡವರು ಬಾಯಿ ಬಿಡದೆ ಮನೆಗೆ ಹೋಗುವ ಅಪಾಯವಿದೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ, ಅಪಾಯವನ್ನು ಮೊದಲು ಕಂಡು ಹೇಳಿದವರಿಗೆ ಬಹುಮಾನ ಸಿಗಲಿ. ಕಾರ್ಮಿಕರು ಕೊಟ್ಟ ಸಲಹೆಗಳನ್ನು ಗೌರವಿಸಲು ಕೇಂದ್ರ ಸರ್ಕಾರ ವಿಶ್ವಕರ್ಮ ರಾಷ್ಟ್ರೀಯ ಪುರಸ್ಕಾರವನ್ನೂ ಕೊಟ್ಟಿದೆ.

ವ್ಯಕ್ತಿ ನೋಡಿ ಮನ್ನಣೆ ಕೊಡುವುದು ನಮ್ಮ ನೆಲಕ್ಕೆ ಹೊಸತೇನಲ್ಲ. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯ ಶಾಸನಗಳನ್ನು ನೋಡಿ. ಗುಡಿ ಕಟ್ಟಿದ ಸೂತ್ರಧಾರಿ ಗುಂಡನಿಗೆ ಬಿರುದು, ಪಟ್ಟ. ಶಿಲ್ಪಿ ಸರ್ವಸಿದ್ಧಿ ಆಚಾರಿಗೆ ಅವನ ಒಂದೊಂದು ಕೌಶಲವನ್ನೂ ಎತ್ತಿ ಹೇಳುವ ಹೊಗಳಿಕೆ. ಬಹಿಷ್ಕಾರಕ್ಕೆ ಒಳಗಾಗಿದ್ದ ಕುಶಲಕರ್ಮಿಗಳಿಗೆ ಆ ಬಹಿಷ್ಕಾರದಿಂದ ಬಿಡುಗಡೆ. ಗಾಯಕರಿಗೆ, ಹಿಂದಿನ ದೊರೆ ವಿಜಯಾದಿತ್ಯ ಕೊಟ್ಟಿದ್ದ ಕಟ್ಟಳೆಯನ್ನು ರಾಣಿಯೇ ಮತ್ತೆ ದೃಢಪಡಿಸಿದ ಭರವಸೆ. ಬಿರುದು ಪಡೆದವರಿಗೆ ಬಿರುದು ಬೇಕಿತ್ತು, ಬಹಿಷ್ಕೃತರಿಗೆ ಊರೊಳಗೆ ತಲೆಯೆತ್ತಿ ನಡೆಯುವ ಅವಕಾಶ ಬೇಕಿತ್ತು. ಅದನ್ನು ಅಂದು ಕಂಡುಕೊಂಡರು, ಕಲ್ಲಿನ ಮೇಲೆ ಕೊರೆಸಿಯೂ ಇಟ್ಟರು.

ಇಂದು ನಮ್ಮ ಸೀಮೆಯಲ್ಲಿ ಇದರ ತುರ್ತು ಹೆಚ್ಚಿರುವುದು ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ. ಪ್ಯಾಕಿಂಗ್ ಪ್ಲಾಂಟಿನಲ್ಲಿ ದೂಳು ಕುಡಿಯುವವರು, ಪಾಲಿಶ್ ಘಟಕದಲ್ಲಿ ಇಡೀ ದಿನ ನೀರಿನಲ್ಲಿ ಕೈಯಿಟ್ಟು ಪರ್ಸಿ ಉಜ್ಜುವ ಹೆಣ್ಣುಮಕ್ಕಳು ಸತ್ಕಾರದ ಪಟ್ಟಿಗೆ ಬರುವುದು ಅಪರೂಪ. ಠೇಕೆದಾರ ಬದಲಾದರೆ ಗೇಟ್‌ಪಾಸ್ ಬದಲಾಗುತ್ತದೆ, ಹಿಂದಿನ ವರ್ಷಗಳ ದುಡಿಮೆಗೆ ಸಾಕ್ಷಿಯೇ ಉಳಿಯುವುದಿಲ್ಲ. ಅವರು ಮಾತಾಳಿಯಾಗಿರಲಿ, ಮೌನಿಯಾಗಿರಲಿ, ಎಲ್ಲರಿಗೂ ಕೆಲಸಕ್ಕೆ ಬರುವ ಮನ್ನಣೆಯೊಂದಿದೆ: ಕಂಪನಿಯ ಲೆಟರ್‌ಹೆಡ್ ಮೇಲೆ, ಇವರು ಇಷ್ಟು ವರ್ಷ ಇಂಥ ಮಷಿನ್ ನಡೆಸಿದ್ದಾರೆ, ಇಂಥ ಕೆಲಸ ಬಲ್ಲರು ಎಂದು ಸ್ಪಷ್ಟವಾಗಿ ಬರೆದು, ಸಹಿ ಹಾಕಿ, ಮುದ್ರೆ ಒತ್ತಿದ ಪತ್ರ. ಮುಂದಿನ ಠೇಕೆದಾರನ ಎದುರು ಅದನ್ನು ತೋರಿಸಿ ಅವರು ತಮ್ಮ ಕೌಶಲಕ್ಕೆ ತಕ್ಕ ಕೂಲಿ ಕೇಳಬಹುದು.