ಚೈನ್ ಗರಗಸದ ಬಿಡಿಭಾಗ: ಕಂಪನಿ ಮಾಲೋ, ಹೊರಗಿನ ಮಾಲೋ?

ಮಳೆಗಾಲದಲ್ಲಿ ರಸ್ತೆಗಡ್ಡವಾಗಿ ಉರುಳಿದ ಮರವನ್ನು ತುಂಡರಿಸುವ ಸಿಬ್ಬಂದಿಯ ಕೈಯಲ್ಲಿ ಆರ್ಭಟಿಸುವ ಚೈನ್ ಗರಗಸವನ್ನು ನಗರವಾಸಿಗಳು ಕಂಡೇ ಇರುತ್ತಾರೆ. ಮಲೆನಾಡು ಹಾಗೂ ಕೊಡಗಿನ ತೋಟಗಳಲ್ಲಂತೂ ನೆರಳು ಮರಗಳ ಕೊಂಬೆ ಸವರಲು, ಸೌದೆ ಕೊಯ್ಯಲು ಇದು ನಿತ್ಯದ ಉಪಕರಣ. ಈ ಯಂತ್ರದ ಎಂಜಿನ್ ಕೈಕೊಟ್ಟಾಗ ಮಾಲೀಕರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ದುಬಾರಿಯಾದ ಕಂಪನಿ ಬಿಡಿಭಾಗ ಹಾಕಿಸಬೇಕೆ ಅಥವಾ ಅದರ ಕಾಲುಭಾಗದ ಬೆಲೆಗೂ ಸಿಗುವ ಹೊರಗಿನ ಮಾಲು ಸಾಕೆ? ಉತ್ತರವಿರುವುದು ಬೆಲೆಯಲ್ಲಲ್ಲ, ಯಾವ ಭಾಗ ಎಂಬುದರಲ್ಲಿ.

ಮಾರುಕಟ್ಟೆಯಲ್ಲಿ ಮೂರು ಬಗೆ

ಮೊದಲನೆಯದು, ಯಂತ್ರ ತಯಾರಿಸಿದ ಕಂಪನಿಯೇ ತನ್ನ ಹೆಸರಿನಲ್ಲಿ ಮಾರುವ ಮೂಲ ಬಿಡಿಭಾಗ. ಎರಡನೆಯದು, ಬೇರೆ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವ ಪರ್ಯಾಯ ಭಾಗ. ಇದು ಕಾನೂನುಬದ್ಧ, ಗುಣಮಟ್ಟ ಮಾತ್ರ ತಯಾರಕರನ್ನು ಅವಲಂಬಿಸಿದೆ. ಮೂರನೆಯದು, ಹೆಸರಾಂತ ಕಂಪನಿಯ ಮುದ್ರೆ ಹೊತ್ತ ನಕಲಿ ಮಾಲು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಇದರ ಮಾರಾಟ ಅಪರಾಧ. ಎರಡನೆಯ ಮತ್ತು ಮೂರನೆಯ ಬಗೆಯನ್ನು ಒಂದೇ ಎಂದು ಭಾವಿಸುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟುತ್ತದೆ. ಇಟಲಿಯ ಮೀಟಿಯಾರ್ ಕಂಪನಿಯ ಪಿಸ್ಟನ್‌ಗಳು ಪರ್ಯಾಯ ಭಾಗಗಳೇ ಆದರೂ ಮೆಕ್ಯಾನಿಕ್‌ಗಳ ವಲಯದಲ್ಲಿ ಒಳ್ಳೆಯ ಹೆಸರು ಗಳಿಸಿವೆ.

ಎಂಜಿನ್‌ನ ಹೃದಯ

ಚೈನ್ ಗರಗಸದಲ್ಲಿರುವುದು ಟೂ-ಸ್ಟ್ರೋಕ್ ಎಂಜಿನ್. ದೊಡ್ಡ ಯಂತ್ರಗಳು ನಿಮಿಷಕ್ಕೆ ಸುಮಾರು 13,000 ಸುತ್ತು ತಿರುಗುತ್ತವೆ. ಅಂದರೆ ಪಿಸ್ಟನ್ ಸೆಕೆಂಡಿಗೆ 200ಕ್ಕೂ ಹೆಚ್ಚು ಬಾರಿ ಮೇಲೆ ಕೆಳಗೆ ಓಡುತ್ತದೆ. ಪ್ರತಿ ಬಾರಿಯೂ ಪಿಸ್ಟನ್‌ನ ರಿಂಗ್, ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳ ಅಂಚನ್ನು ಸವರಿಕೊಂಡೇ ಸಾಗಬೇಕು. ಆ ಅಂಚು ನಯವಾಗಿರದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ.

ಅಲ್ಯೂಮಿನಿಯಂ ಸಿಲಿಂಡರ್‌ನ ಒಳಮೈಗೆ ಗಟ್ಟಿ ಲೇಪನ ಅನಿವಾರ್ಯ. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ ರೂಪಿಸಿದ ನಿಕಾಸಿಲ್ ಅಂಥದೊಂದು ಲೇಪನ. ಅದರಲ್ಲಿ ನಿಕಲ್ ಪದರದೊಳಗೆ ಸಿಲಿಕಾನ್ ಕಾರ್ಬೈಡ್‌ನ ಸೂಕ್ಷ್ಮ ಕಣಗಳಿರುತ್ತವೆ. ಕಳಪೆ ಸಿಲಿಂಡರ್‌ಗಳಲ್ಲಿ ಲೇಪನ ಕಿಂಡಿಗಳ ಅಂಚಿನಿಂದ ಏಳುತ್ತದೆ. ಹಾಗೆ ಎದ್ದ ಚೂರು ಪಿಸ್ಟನ್ ಅನ್ನು ಗೀರಿ ಹಾಕುತ್ತದೆ. ಗಜನ್ ಪಿನ್ ಹಿಡಿದಿಡುವ ಪುಟ್ಟ ಲಾಕ್ ಕಳಚಿದರಂತೂ ಇಡೀ ಸಿಲಿಂಡರ್ ಹಾಳು. ಆದ್ದರಿಂದ ಪಿಸ್ಟನ್ ಯಾವುದೇ ಇರಲಿ, ಈ ಲಾಕ್ ಮಾತ್ರ ಮೂಲ ಕಂಪನಿಯದೇ ಆಗಿರುವುದು ಲೇಸು.

ಹೀಗಾಗಿ ಒಂದು ಜಾಣ ಮಾರ್ಗವಿದೆ. ಹಳೆಯ ಮೂಲ ಸಿಲಿಂಡರ್‌ನ ಲೇಪನ ಸುಸ್ಥಿತಿಯಲ್ಲಿದ್ದರೆ, ಅದಕ್ಕೆ ಅಂಟಿದ ಅಲ್ಯೂಮಿನಿಯಂ ಅನ್ನು ತೆಗೆದು ಶುಚಿಗೊಳಿಸಿ, ಉತ್ತಮ ಹೆಸರಿನ ಪಿಸ್ಟನ್ ಜೋಡಿಸುವುದು. ಅಗ್ಗದ ಪೂರ್ಣ ಸೆಟ್‌ಗಿಂತ ಇದು ಹೆಚ್ಚು ಬಾಳಿಕೆ ಬರುತ್ತದೆ.

ಅಪಾಯ ಇರುವುದೆಲ್ಲಿ?

ಕಾರ್ಬ್ಯುರೇಟರ್, ಕ್ರ್ಯಾಂಕ್ ಸೀಲ್ ಮತ್ತು ಕಾರ್ಬ್ಯುರೇಟರನ್ನು ಎಂಜಿನ್‌ಗೆ ಜೋಡಿಸುವ ರಬ್ಬರ್ ಕೊಳವೆ ನೋಡಲು ಸಣ್ಣವು. ಆದರೆ ಇವುಗಳ ಮೂಲಕ ಗಾಳಿ ಸೋರಿದರೆ ಪೆಟ್ರೋಲಿನ ಪ್ರಮಾಣ ಕುಗ್ಗಿ, ಅದರೊಡನೆ ಬರುವ ಆಯಿಲ್ ಕೂಡ ಸಾಲದೆ ಪಿಸ್ಟನ್ ಕಾದು ಸೀಜ್ ಆಗುತ್ತದೆ. ಸೋರಿಕೆಯಿಂದ ಐಡ್ಲಿಂಗ್ ವೇಗವೂ ಏರಬಹುದು. ಆಗ ಆಕ್ಸಿಲರೇಟರ್ ಬಿಟ್ಟರೂ ಚೈನ್ ತಿರುಗುತ್ತಲೇ ಇರುತ್ತದೆ. ಕ್ಲಚ್ ಸ್ಪ್ರಿಂಗ್ ಸಡಿಲವಾದಾಗಲೂ ಇದೇ ಪರಿಣಾಮ. ಮರದ ಮೇಲೆ ಅಥವಾ ಜಾರು ಇಳಿಜಾರಿನಲ್ಲಿ ನಿಂತ ಕಾರ್ಮಿಕನಿಗೆ ಇದು ಕೈಕಾಲಿನ ಪ್ರಶ್ನೆ. ಇಂಥ ಕಡೆ ಉಳಿತಾಯದ ಲೆಕ್ಕಾಚಾರ ಸಲ್ಲದು. ಹಾಗೆಂದು ಕಂಪನಿಯ ಮುದ್ರೆಯೇ ಬೇಕೆಂದಿಲ್ಲ. ವಾಲ್ಬ್ರೋ, ಝಮಾ ಮುಂತಾದವು ಗರಗಸ ಕಂಪನಿಗಳಿಗೇ ಕಾರ್ಬ್ಯುರೇಟರ್ ಪೂರೈಸುವ ತಯಾರಕರು. ಅವರ ಅಸಲಿ ಮಾಲನ್ನು ನಂಬಬಹುದು.

ಏರ್ ಫಿಲ್ಟರ್ ಸರಿಯಾಗಿ ಕೂರುವಂತಿದ್ದರೆ, ಸ್ಟಾರ್ಟರ್ ಹಗ್ಗ, ಹೊರಕವಚ ಮುಂತಾದವು ಗಟ್ಟಿಯಾಗಿದ್ದರೆ ಹೊರಗಿನ ಮಾಲಿನಿಂದ ಹಾನಿಯೇನೂ ಇಲ್ಲ. ಇಂಧನ ಕೊಳವೆ ಕೊಳ್ಳುವಾಗ ಮಾತ್ರ ಅದು ಎಥೆನಾಲ್ ಬೆರೆತ ಪೆಟ್ರೋಲನ್ನು ತಾಳಬಲ್ಲದೇ ಎಂದು ಕೇಳಿ ತಿಳಿಯುವುದು ಒಳಿತು.

ಮೊದಲು ಕಾರಣ, ಆಮೇಲೆ ಬದಲಾವಣೆ

ಸೀಜ್ ಆದ ಎಂಜಿನ್‌ಗೆ ಹೊಸ ಪಿಸ್ಟನ್ ಹಾಕಿಸಿ, ಸೀಜ್ ಆದದ್ದೇಕೆಂದು ವಿಚಾರಿಸದಿದ್ದರೆ ಅಸಲಿ ಭಾಗವೂ ವಾರದೊಳಗೆ ಸುಟ್ಟೀತು. ಎಷ್ಟೋ ಬಾರಿ ಬಿಡಿಭಾಗದ ಮೇಲೆ ಹೊರಿಸುವ ಅಪವಾದ ವಾಸ್ತವವಾಗಿ ಗಾಳಿ ಸೋರಿಕೆಗೆ ಅಥವಾ ಕಡಿಮೆ ಆಯಿಲ್‌ಗೆ ಸಲ್ಲಬೇಕಾದದ್ದು. 50:1 ಮಿಶ್ರಣಕ್ಕೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೇಕು. ಅಂದಾಜಿನಲ್ಲಿ ಸುರಿಯದೆ ಅಳೆದು ಬೆರೆಸಬೇಕು.

ಬಿಲ್ ಪಡೆಯುವುದು, ತೆಗೆದ ಹಳೆಯ ಭಾಗವನ್ನು ಮರಳಿ ಕೇಳುವುದು, ಹೊಸ ಸಿಲಿಂಡರ್‌ನ ಕಿಂಡಿ ಅಂಚನ್ನು ಬೆರಳಿನಿಂದ ಸವರಿ ನೋಡುವುದು ಖರ್ಚಿಲ್ಲದ ಮುನ್ನೆಚ್ಚರಿಕೆಗಳು. ಅಗ್ಗವೆಂದು ತಂದದ್ದು ಎರಡು ಬಾರಿ ಕೆಟ್ಟರೆ, ಎರಡು ಬಾರಿಯ ಕೂಲಿ ಮತ್ತು ನಿಂತ ಕೆಲಸದ ನಷ್ಟ ಸೇರಿ ಅಸಲಿಗಿಂತ ದುಬಾರಿಯಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ.