ತುಂಬಿದ ಕೆರೆಯ ತಳದಲ್ಲಿ ಕೂಡುತ್ತಿರುವ ರಂಜಕ

ಕೋಲಾರ ಜಿಲ್ಲೆಯಲ್ಲಿ ಒಂದು ಇಡೀ ತಲೆಮಾರು ಈಜು ಕಲಿಯದೆ ದೊಡ್ಡದಾಯಿತು. ತೆರೆದ ಬಾವಿಗಳು ಬತ್ತಿದ್ದವು, ಕೊಳವೆಬಾವಿಗಳು ಸಾವಿರ, ಒಂದೂವರೆ ಸಾವಿರ ಅಡಿಗೆ ಇಳಿದಿದ್ದವು, ಅಲ್ಲಿಂದ ಮೇಲೆ ಬಂದ ನೀರಿನಲ್ಲಿ ಫ್ಲೋರೈಡ್ ಇತ್ತು. ಕೆರೆಯಂಗಳದಲ್ಲಿ ಜಾಲಿ ಬೆಳೆದು ಕಾಡಾಗಿತ್ತು. ಅದೇ ಕೆರೆಗಳಲ್ಲಿ ಈಗ ನೀರು ಏರಿಯನ್ನು ಮುಟ್ಟುತ್ತಿದೆ. ರಜೆಯ ದಿನ ಹುಡುಗರು ತೂಬಿನ ಕಲ್ಲುಕಂಬದಿಂದ ಧುಮುಕುತ್ತಾರೆ. ಕೋಡಿಯ ಬಳಿ ಗಾಳ ಹಾಕಿ ಕೂತವರಿರುತ್ತಾರೆ. ಟೆಂಡರು ಹಿಡಿದವರು ಹರಿಗೋಲಿನಲ್ಲಿ ಹೋಗಿ ಬಲೆ ಬಿಟ್ಟು ಕಾಟ್ಲಾ, ರೋಹು, ಜಿಲೇಬಿ ಮೀನು ತರುತ್ತಾರೆ. ಈ ಸಂಭ್ರಮ ಸುಳ್ಳಲ್ಲ, ಅದನ್ನು ಕಸಿಯುವ ಆಸೆ ನನಗಿಲ್ಲ. ಅದು ಉಳಿಯಬೇಕಾದರೆ ಈ ನೀರಿನಲ್ಲಿರುವ ಒಂದು ವಸ್ತುವಿನ ಲೆಕ್ಕ ಇಂದೇ ಶುರುವಾಗಬೇಕು.

ನೀರು ಬರುವುದು ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ. ನಗರದ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ಪಂಪು ಮಾಡಿ, ಕೋಲಾರದ ಕೆರೆಗಳ ಸರಣಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆ ಅದು. ಮೊದಲ ಹಂತದ ಗುರಿ ದಿನಕ್ಕೆ 44 ಕೋಟಿ ಲೀಟರ್, ಕೆರೆಗಳು 120ಕ್ಕೂ ಹೆಚ್ಚು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜುಲೈನಲ್ಲಿ ನೊರೆ ಕಾಣಿಸಿತು, ಹೈಕೋರ್ಟ್ ತಡೆ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಕೊನೆಗೆ ನೀರು ಮತ್ತೆ ಹರಿಯಿತು. ಅಂತರ್ಜಲ ಮೇಲೆ ಬಂತು, ಅದನ್ನು ರೈತರೇ ಹೇಳುತ್ತಾರೆ. ಇಷ್ಟರಲ್ಲಿ ಜನರ ಕಣ್ಣು ನೊರೆಯ ಮೇಲೆ ನಿಂತಿತು. ನೊರೆ ಹೋದರೆ ನೀರು ಸರಿಯಾಯಿತು ಎಂಬ ಭಾವನೆ ಬೇರೂರಿತು.

ಎರಡನೇ ಹಂತದ ಶುದ್ಧೀಕರಣ ಮಾಡುವುದು ಮುಖ್ಯವಾಗಿ ಒಂದು ಕೆಲಸ. ಕೊಳೆಯುವ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳಿಗೆ ತಿನ್ನಿಸಿ, ಕೆಸರಾಗಿಸಿ, ಬೇರ್ಪಡಿಸುತ್ತದೆ. ನೀರು ತಿಳಿಯಾಗುತ್ತದೆ, ವಾಸನೆ ಇಳಿಯುತ್ತದೆ. ಆದರೆ ಮಲಮೂತ್ರದಿಂದಲೂ ಸೋಪು ಪುಡಿಯಿಂದಲೂ ಬಂದ ರಂಜಕ, ಅಂದರೆ ಫಾಸ್ಫರಸ್, ನೀರಿನಲ್ಲಿ ಕರಗಿದ ರೂಪದಲ್ಲಿ ಬಹುಪಾಲು ಹಾಗೆಯೇ ದಾಟಿಬಿಡುತ್ತದೆ. ಅದನ್ನು ತೆಗೆಯಲು ಬೇರೆಯೇ ಏರ್ಪಾಡು ಬೇಕು.

ಕೆರೆಯನ್ನು ಕೆಡಿಸಲು ಎಷ್ಟು ರಂಜಕ ಸಾಕು? ಒಂದು ಲೀಟರ್ ನೀರಿನಲ್ಲಿ 0.035 ಮಿಲಿಗ್ರಾಂ ದಾಟಿದರೆ ಅತಿಪೋಷಿತ, 0.1 ದಾಟಿದರೆ ತೀರಾ ಅತಿಪೋಷಿತ ಎಂದು ಸರೋವರ ವಿಜ್ಞಾನಿಗಳು ವಿಂಗಡಿಸುತ್ತಾರೆ. ರಂಜಕ ತೆಗೆಯುವ ವಿಶೇಷ ಏರ್ಪಾಡಿಲ್ಲದ ಘಟಕದಿಂದ ಹೊರಬರುವ ನೀರಿನಲ್ಲಿ ಅದು ಇಡೀ ಮಿಲಿಗ್ರಾಂಗಳ ಲೆಕ್ಕದಲ್ಲಿರುವುದು ಸಾಮಾನ್ಯ. ಲೀಟರಿಗೆ ಒಂದೇ ಮಿಲಿಗ್ರಾಂ ಎಂದು ಹಿಡಿಯೋಣ. 44 ಕೋಟಿ ಲೀಟರಿಗೆ ದಿನಕ್ಕೆ 440 ಕಿಲೋ ಆಯಿತು, ವರ್ಷಕ್ಕೆ 160 ಟನ್. ಒಂದು ಕಿಲೋ ರಂಜಕ ಸುಮಾರು 500 ಕಿಲೋ ಹಸಿ ಪಾಚಿಯನ್ನು ಬೆಳೆಸಬಲ್ಲದು. ಎಲ್ಲವೂ ಪಾಚಿಯಾಗುವುದಿಲ್ಲ, ಒಂದಷ್ಟು ಮಣ್ಣಿಗೆ ಅಂಟುತ್ತದೆ, ಒಂದಷ್ಟು ಗದ್ದೆಗೆ ಹೋಗುತ್ತದೆ. ಆದರೂ ಈ ಕೆರೆಗಳಿಗೆ ನಾವು ದಿನಾ ಏನನ್ನು ಉಣಿಸುತ್ತಿದ್ದೇವೆ ಎಂಬುದಕ್ಕೆ ಈ ಅಂದಾಜು ಸಾಕು.

ರಂಜಕವೇ ಕಾರಣವೋ, ಸಾರಜನಕ, ಇಂಗಾಲವೋ ಎಂಬ ಜಗಳ ಐವತ್ತು ವರ್ಷದ ಹಿಂದೆ ಜೋರಾಗಿತ್ತು. ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಪುಟ್ಟ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಮಾಡಿದರು. ಸಂಖ್ಯೆ 226 ಎಂಬುದೇ ಅದರ ಹೆಸರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ವಿಮಾನದಿಂದ ತೆಗೆದ ಚಿತ್ರದಲ್ಲಿ ಪರದೆಯ ಆಚೆ ಕಪ್ಪು ತಿಳಿನೀರು, ಈಚೆ ದಟ್ಟ ಹಸಿರು. ರಂಜಕ ಕಾರಣವಲ್ಲ ಎಂಬ ಸಾಬೂನು ಕಂಪನಿಗಳ ವಾದ ಆ ಒಂದು ಚಿತ್ರದ ಮುಂದೆ ನಿಲ್ಲಲಿಲ್ಲ.

ಹಸಿರಾದರೆ ಏನಾಯಿತು, ಮೀನಿಗೆ ಮೇವಾಗಲಿ ಎನ್ನುವವರಿದ್ದಾರೆ. ಸಾಮಾನ್ಯ ಹಸಿರು ಪಾಚಿಯಾದರೆ ಆ ಮಾತು ಒಂದು ಮಟ್ಟಿಗೆ ನಿಜ. ಆದರೆ ರಂಜಕ ಹೆಚ್ಚಿ, ನೀರು ನಿಂತು, 25 ಡಿಗ್ರಿ ದಾಟಿ ಬಿಸಿಯಾದಾಗ ಗೆಲ್ಲುವುದು ಸಯನೋಬ್ಯಾಕ್ಟೀರಿಯಾ, ನಾವು ನೀಲಿ-ಹಸಿರು ಪಾಚಿ ಎಂದು ಕರೆಯುವ ಬ್ಯಾಕ್ಟೀರಿಯಾ. ಅವುಗಳಲ್ಲಿ ಮೈಕ್ರೊಸಿಸ್ಟಿಸ್ ಎಂಬುದು ತನ್ನ ಕೋಶದೊಳಗೆ ಗಾಳಿಯ ಚೀಲ ಇಟ್ಟುಕೊಂಡು ಬಿಸಿಲಿಗೆ ಮೇಲೇಳುತ್ತದೆ, ಕೆಳಗಿನ ಪಾಚಿಗೆ ಬೆಳಕು ತಪ್ಪಿಸುತ್ತದೆ. ಅನಬೀನಾ ಜಾತಿಯವು ಗಾಳಿಯಿಂದಲೇ ಸಾರಜನಕ ಹಿಡಿಯುತ್ತವೆ, ಹಾಗಾಗಿ ಸಾರಜನಕವನ್ನಷ್ಟೇ ತಗ್ಗಿಸಿದರೆ ಅವು ಸೊರಗುವುದಿಲ್ಲ. ಕೋಲಾರದ ಬೇಸಿಗೆ ಇವಕ್ಕೆ ಹೇಳಿ ಮಾಡಿಸಿದ ಕಾಲ. ಬೇಸಿಗೆಗಳು ಇನ್ನೂ ಬಿಸಿಯಾಗುತ್ತಿವೆ.

ಇವುಗಳಲ್ಲಿ ಕೆಲವು ತಳಿಗಳು ವಿಷ ತಯಾರಿಸುತ್ತವೆ. ಮೈಕ್ರೊಸಿಸ್ಟಿನ್ ಯಕೃತ್ತನ್ನು ಹಿಡಿಯುವ ವಿಷ. ನೀರು ಕುದಿಸಿದರೆ ಅದು ನಾಶವಾಗುವುದಿಲ್ಲ. ಕೋಶ ಒಡೆದು ಇನ್ನಷ್ಟು ಹೊರಬರುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುಆರು ಪಟ್ಟಣದಲ್ಲಿ ಡಯಾಲಿಸಿಸ್‌ಗೆ ಬಳಸಿದ ಜಲಾಶಯದ ನೀರಿನಲ್ಲಿ ಇದು ಸೇರಿ 50ಕ್ಕೂ ಹೆಚ್ಚು ರೋಗಿಗಳು ಯಕೃತ್ತು ಕೆಟ್ಟು ಸತ್ತರು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದ ಲಕ್ಷಾಂತರ ಜನಕ್ಕೆ ಈರಿ ಸರೋವರದಿಂದ ಬರುವ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಆಡಳಿತ ಸಾರಿತು. ಸುಮಾರು ಮೂರು ದಿನ ಊರು ಬಾಟಲಿ ನೀರಿಗೆ ಸಾಲು ನಿಂತಿತು. ಕೆರೆಯಲ್ಲಿ ಈಜುವವರಿಗೆ ಅಪಾಯ ಬರುವುದು ಹೆಚ್ಚಾಗಿ ನುಂಗಿದ ನೀರಿನಿಂದ. ಮೈ ತುರಿಕೆ, ವಾಂತಿ, ಭೇದಿ ಮೊದಲ ಲಕ್ಷಣ. ಈಜುವ ನೀರಿನಲ್ಲಿ ಲೀಟರಿಗೆ 24 ಮೈಕ್ರೊಗ್ರಾಂಗಿಂತ ಹೆಚ್ಚು ಮೈಕ್ರೊಸಿಸ್ಟಿನ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ದಡಕ್ಕೆ ಗಾಳಿ ತಳ್ಳಿ ತಂದು ಗಟ್ಟಿಯಾದ ಪಾಚಿಯ ಕೆನೆಯಲ್ಲಿ ಅದು ಸಾವಿರ ಮೈಕ್ರೊಗ್ರಾಂ ದಾಟಿದ ಉದಾಹರಣೆಗಳು ಹಲವು ದೇಶಗಳಿಂದ ದಾಖಲಾಗಿವೆ. ಮಕ್ಕಳು ಆಡುವುದು, ದನ ನೀರು ಕುಡಿಯುವುದು ಆ ದಡದಲ್ಲೇ.

ಮೀನು ಹಿಡಿಯುವವರ ಮಾತು ಇನ್ನೊಂದು ಬಗೆ. ಹಗಲೆಲ್ಲ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ತಾನೇ ಎಳೆದುಕೊಳ್ಳುತ್ತದೆ. ಮೋಡ ಕವಿದ ದಿನದ ಮಾರನೇ ಬೆಳಗಿನ ಜಾವ ಆಮ್ಲಜನಕ ತಳ ಮುಟ್ಟುತ್ತದೆ. ಆಗ ಕಾಟ್ಲಾ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತದೆ, ಹೊತ್ತೇರುವಷ್ಟರಲ್ಲಿ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತದೆ. ಬೆಂಗಳೂರಿನ ಜನ ದೋಣಿವಿಹಾರಕ್ಕೆ ಹೋಗುವ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ರಾಶಿ ರಾಶಿ ಮೀನು ಸತ್ತು ದಡಕ್ಕೆ ಬಂದದ್ದು ಎಲ್ಲರಿಗೂ ನೆನಪಿದೆ. ನೀರಿನಲ್ಲಿ ಆಮ್ಲಜನಕ ತೀರಿದ್ದೇ ಆಗ ಮುಂದೆ ಬಂದ ಮುಖ್ಯ ಕಾರಣ.

ನಮ್ಮ ಅಳತೆಗಳು ಕುರುಡಾಗುವುದು ಇಲ್ಲೇ. ಸ್ನಾನಕ್ಕೆ ಯೋಗ್ಯವಾದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ‘ಬಿ’ ವರ್ಗದ ಮಾನದಂಡದಲ್ಲಿ ಮಲದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ, ಸಾವಯವ ಕೊಳೆಯನ್ನು ಅಳೆಯುವ ಬಿಒಡಿ ಇದೆ, ಕರಗಿದ ಆಮ್ಲಜನಕ ಇದೆ. ಮೀನು ಸಾಕಣೆಯ ‘ಡಿ’ ವರ್ಗದಲ್ಲಿ ಆಮ್ಲಜನಕದ ಜತೆಗೆ ಅಮೋನಿಯಾ ಇದೆ. ಎರಡರಲ್ಲೂ ರಂಜಕ ಇಲ್ಲ, ಸಯನೋಬ್ಯಾಕ್ಟೀರಿಯಾ ಇಲ್ಲ. 2017ರ ಅಕ್ಟೋಬರ್‌ನ ಕೇಂದ್ರ ಅಧಿಸೂಚನೆ ಶುದ್ಧೀಕರಣ ಘಟಕಗಳಿಗೆ ಹಾಕಿದ ಷರತ್ತುಗಳಲ್ಲೂ ರಂಜಕಕ್ಕೆ ಮಿತಿ ಇರಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಕೆರೆಗೆ ಬಿಡುವ ನೀರಿನಲ್ಲಿ ರಂಜಕ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದಿತು. ಮೇಲಿನ ಲೆಕ್ಕ ನೋಡಿದವರಿಗೆ ಆ ಒಂದೂ ಕೆರೆಗೆ ಹೆಚ್ಚೇ ಎಂದು ಹೊಳೆಯುತ್ತದೆ. ಇನ್ನು ಸಿಬ್ಬಂದಿ ಕೆರೆಗೆ ಬಂದು ಮಾದರಿ ತೆಗೆಯುವುದು ಹಗಲು ಹೊತ್ತಿನಲ್ಲಿ. ಪಾಚಿ ತುಂಬಿದ ಕೆರೆ ಮಧ್ಯಾಹ್ನ ಹನ್ನೆರಡಕ್ಕೆ ಆಮ್ಲಜನಕದ ಪರೀಕ್ಷೆಯಲ್ಲಿ ಶುದ್ಧ ಕೆರೆಗಿಂತ ಮುಂದಿರುತ್ತದೆ! ಅದೇ ಕೆರೆಯನ್ನು ಬೆಳಗಿನ ಐದಕ್ಕೆ ಅಳೆದರೆ ನಾಪಾಸಾಗುತ್ತದೆ. ಆ ಹೊತ್ತಿನ ಅಂಕಿ ಕಡತಕ್ಕೆ ಬರುವುದಿಲ್ಲ.

ಹೀಗೆಯೇ ಎರಡನೇ ಹಂತ ಮುಗಿಸಿದ ನೀರನ್ನು ಕುಡಿದು ಕೆಟ್ಟ ದೊಡ್ಡ ಸರೋವರವೊಂದಿದೆ. ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರ. ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ಬೆಲ್‌ವ್ಯೂ, ರೆಡ್ಮಂಡ್‌ನಲ್ಲಿ ನೆಲೆಸಿದ ಕನ್ನಡಿಗರು ಬೇಸಿಗೆಯಲ್ಲಿ ಮಕ್ಕಳನ್ನು ಈಜಲು, ದೋಣಿಗೆ, ಮೀನಿಗೆ ಕರೆದೊಯ್ಯುವ ನೀರು ಅದೇ. 1950ರ ದಶಕದಲ್ಲಿ ದಡದ ಹತ್ತರಷ್ಟು ಘಟಕಗಳು ಶುದ್ಧೀಕರಿಸಿದ ನೀರನ್ನು ಅದಕ್ಕೆ ಬಿಡುತ್ತಿದ್ದವು, ದಿನಕ್ಕೆ ಹೆಚ್ಚೆಂದರೆ ಏಳೂವರೆ ಕೋಟಿ ಲೀಟರ್. 1955ರಲ್ಲಿ ಆಸಿಲೇಟೋರಿಯಾ ರುಬೆಸೆನ್ಸ್ ಎಂಬ ಸಯನೋಬ್ಯಾಕ್ಟೀರಿಯಾ ಅಲ್ಲಿ ಕಂಡಿತು. ಯುರೋಪಿನ ಸರೋವರಗಳು ಕೆಟ್ಟ ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಳ್ಳುತ್ತಿದ್ದದ್ದೂ ಅದೇ. ಡಬ್ಲ್ಯು.ಟಿ. ಎಡ್ಮಂಡ್‌ಸನ್ ಎಂಬ ಪ್ರಾಣಿವಿಜ್ಞಾನಿ 1933 ಮತ್ತು 1950ರ ಹಳೆಯ ಅಳತೆಗಳ ಪಕ್ಕದಲ್ಲಿ ಹೊಸ ಅಳತೆಗಳನ್ನಿಟ್ಟು, ನೀರಿನ್ನೂ ನೋಡಲು ಚೆನ್ನಾಗಿದ್ದಾಗಲೇ, ಮುಂದೆ ಏನಾಗುತ್ತದೆಂದು ಬರೆದರು. ಜೇಮ್ಸ್ ಎಲ್ಲಿಸ್ ಎಂಬ ವಕೀಲರು ಆ ಮಾತನ್ನು ಜನರ ಮುಂದಿಟ್ಟರು. ಕೊಳಚೆಯನ್ನು ಸರೋವರದಿಂದ ಬೇರೆಡೆಗೆ ತಿರುಗಿಸುವ ಯೋಜನೆಯನ್ನು 1958ರ ಮಾರ್ಚ್‌ನಲ್ಲಿ ಮತದಾರರು ಬೇಡವೆಂದರು, ಸೆಪ್ಟೆಂಬರ್‌ನಲ್ಲಿ ಒಪ್ಪಿದರು. 1963ರಿಂದ 1968ರೊಳಗೆ ಕೊಳವೆಗಳೆಲ್ಲ ಬೇರೆಡೆಗೆ ತಿರುಗಿದವು. ಬಿಳಿ ತಟ್ಟೆ ಇಳಿಬಿಟ್ಟು ನೀರಿನ ತಿಳಿತನ ಅಳೆಯುವ ವಿಧಾನದಲ್ಲಿ, ತೀರಾ ಕೆಟ್ಟ ವರ್ಷಗಳಲ್ಲಿ ಸುಮಾರು ಒಂದು ಮೀಟರಿಗೇ ಮರೆಯಾಗುತ್ತಿದ್ದ ತಟ್ಟೆ 1970ರ ದಶಕದ ಕೊನೆಯ ಹೊತ್ತಿಗೆ ಆರೇಳು ಮೀಟರಿನವರೆಗೂ ಕಂಡಿತು.

ಇಷ್ಟು ಬೇಗ ಆ ಸರೋವರ ಚೇತರಿಸಿಕೊಂಡದ್ದಕ್ಕೆ ಅದರ ಆಳವೂ ಕಾರಣ. ಸರಾಸರಿ 33 ಮೀಟರ್, ನದಿಗಳು ಎರಡು ಮೂರು ವರ್ಷಕ್ಕೊಮ್ಮೆ ನೀರನ್ನೇ ಬದಲಿಸುತ್ತವೆ. ನಮ್ಮ ಕೆರೆಗಳ ಆಳ ಕೆಲವೇ ಮೀಟರ್, ತೊಳೆದುಕೊಂಡು ಹೋಗುವ ನದಿಯಿಲ್ಲ, ಮಳೆಗಿಂತ ಹೆಚ್ಚು ನೀರು ಆವಿಯಾಗುತ್ತದೆ. ಆವಿಯ ಜತೆ ರಂಜಕ ಹೋಗುವುದಿಲ್ಲ. ಅದು ಹೂಳಿನಲ್ಲಿ ಕಬ್ಬಿಣದ ಕಣಗಳಿಗೆ ಅಂಟಿ ಕೂರುತ್ತದೆ, ತಳದಲ್ಲಿ ಆಮ್ಲಜನಕ ತೀರಿದೊಡನೆ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ಹತ್ತು ಹದಿನೈದು ವರ್ಷ ಹೀಗೆ ತುಂಬಿದ ತಳ ಒಂದು ಕಣಜ. ಆಮೇಲೆ ಕೊಳವೆಯನ್ನೇ ಮುಚ್ಚಿದರೂ ಅದು ಪಾಚಿಗೆ ವರ್ಷಗಟ್ಟಲೆ ಉಣಿಸುತ್ತದೆ. ಮಿನೆಸೋಟದ ಶಗಾವ ಎಂಬ ಕಡಿಮೆ ಆಳದ ಸರೋವರಕ್ಕೆ ಬರುವ ರಂಜಕವನ್ನು 1973ರಲ್ಲಿ ಘಟಕದಲ್ಲೇ ತೆಗೆಯತೊಡಗಿದರು; ತಳದ ಹೂಳಿನ ದೆಸೆಯಿಂದ ಬೇಸಿಗೆಯ ಪಾಚಿ ಅಂದುಕೊಂಡ ವೇಗದಲ್ಲಿ ಇಳಿಯಲೇ ಇಲ್ಲ.

ಹಿಂದಿನವರ ಕೆರೆಗೆ ಈ ಕಾಯಿಲೆ ಅಂಟದಿದ್ದುದಕ್ಕೆ ಕಾರಣ, ಅದು ವರ್ಷಕ್ಕೊಮ್ಮೆಯಾದರೂ ತಗ್ಗುತ್ತಿದ್ದುದು. ನೀರುಗಂಟಿ ತೂಬು ಎತ್ತಿ ನೀರು ಬಿಟ್ಟು, ಮಾಗಿ ಕಳೆದು ಬಿಸಿಲು ಏರುವಷ್ಟರಲ್ಲಿ ಅಂಗಳ ಬಿರಿದು ಕಾಣುತ್ತಿತ್ತು. ರೈತರು ಗಾಡಿ ಕಟ್ಟಿ ಹೂಳು ಹೇರಿ ಹೊಲಕ್ಕೆ ಚೆಲ್ಲುತ್ತಿದ್ದರು. ರಸಗೊಬ್ಬರದ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ರಂಜಕವೇ ಆ ಗಾಡಿಯಲ್ಲಿ ಕೆರೆಯಿಂದ ಹೊಲಕ್ಕೆ ಹೋಗುತ್ತಿತ್ತು. ಈಗ ಕೆರೆಗಳು ಹನ್ನೆರಡು ತಿಂಗಳೂ ತುಂಬಿರಬೇಕೆಂಬುದೇ ಹೆಮ್ಮೆಯಾಗಿದೆ. ತುಂಬಿದ ಕೆರೆಯ ಹೂಳೆತ್ತುವುದು ಹೇಗೆ? ಸರಣಿಯ ಮೇಲ್ತುದಿಯ ಕೆರೆಗಳಿಗೆ, ಅಂದರೆ ಲಕ್ಷ್ಮೀಸಾಗರ, ನರಸಾಪುರದ ಕಡೆಯವಕ್ಕೆ, ಈ ಭಾರ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು ಬೀಳುತ್ತದೆ, ಏಕೆಂದರೆ ಹರಿದು ಬಂದದ್ದು ಮೊದಲು ತಂಗುವುದು ಅಲ್ಲಿ.

ಕೋಲಾರದ ಹೋರಾಟಗಾರರು ವರ್ಷಗಳಿಂದ ಮೂರನೇ ಹಂತದ ಶುದ್ಧೀಕರಣ ಕೇಳುತ್ತಿದ್ದಾರೆ. ಆ ಬೇಡಿಕೆಯೊಳಗೆ ರಂಜಕ ಎಂಬ ಪದವನ್ನು ಬಿಡಿಸಿ ಬರೆಯಬೇಕು. ಫೆರಿಕ್ ಕ್ಲೋರೈಡ್ ಅಥವಾ ಆಲಂ ಬೆರೆಸಿ ರಂಜಕವನ್ನು ಘಟಕದಲ್ಲೇ ಗಸಿಯಾಗಿ ಇಳಿಸುವುದು ಹಳೆಯ, ಪಳಗಿದ ವಿಧಾನ. ಕೆರೆಗೆ ಬಂದ ಮೇಲೆ ಅದೇ ರಂಜಕವನ್ನು ಹಿಡಿಯುವ ಖರ್ಚಿಗೆ ಹೋಲಿಸಿದರೆ ಇದು ಅಗ್ಗ. ಜತೆಗೆ ಸರಣಿಯ ಕೆರೆಗಳನ್ನು ಸರದಿಯ ಮೇಲೆ ಒಣಗಿಸಬೇಕು. ಒಂದು ಬೇಸಿಗೆಗೆ ಕೆಲವು ಕೆರೆ, ನೀರು ಪಕ್ಕದ ಕೆರೆಗೆ, ಹೂಳು ಹೊಲಕ್ಕೆ. ಹೂಳಿನಲ್ಲಿ ಭಾರಲೋಹ ಇದೆಯೇ ಎಂದು ಪರೀಕ್ಷಿಸಿಯೇ ಹೊಲಕ್ಕೆ ಹೋಗಲಿ. ಮೀನಿನ ಟೆಂಡರಿನ ಅವಧಿಯನ್ನೂ ಆ ಸರದಿಗೆ ಹೊಂದಿಸಬೇಕಾಗುತ್ತದೆ. ಕಷ್ಟ ನಿಜ, ಅಸಾಧ್ಯವಲ್ಲ. ಆದರೆ ಕಾರಂಜಿ ಹಾಕಿಸುವುದಕ್ಕೆ, ದಡಕ್ಕೆ ಕಲ್ಲು ಹಾಸುವುದಕ್ಕೆ ಮೊದಲು ದುಡ್ಡು ಕೊಡಬೇಡಿ. ಮೈಲುತುತ್ತ ಸುರಿದು ಪಾಚಿ ಕೊಲ್ಲುವ ಸಲಹೆ ಬಂದರೆ ಒಪ್ಪಲೇಬೇಡಿ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ಐಲೆಂಡ್‌ನಲ್ಲಿ ಕುಡಿಯುವ ನೀರಿನ ಅಣೆಕಟ್ಟಿಗೆ ಹಾಗೆ ತಾಮ್ರದ ಸಲ್ಫೇಟ್ ಹಾಕಿದರು. ಕೋಶಗಳು ಒಮ್ಮೆಲೇ ಒಡೆದು ವಿಷ ನೀರಿಗೆ ಇಳಿಯಿತು, 148 ಮಂದಿ ಹಾಸಿಗೆ ಹಿಡಿದರು, ಅವರಲ್ಲಿ ಬಹುತೇಕ ಮಕ್ಕಳು.

ಇಲಾಖೆ ಅಳೆಯಲು ಶುರುಮಾಡುವ ತನಕ ಊರಿನವರು ಕೈಕಟ್ಟಿ ಕೂರಬೇಕಿಲ್ಲ. ನೀರು ಹಸಿರು ತಿರುಗಿದಾಗ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ, ಅಲುಗಾಡದ ಕಡೆ ರಾತ್ರಿಯೆಲ್ಲ ಇಡಿ. ಬೆಳಗ್ಗೆ ಹಸಿರು ತಳದಲ್ಲಿ ಕೂತಿದ್ದರೆ ಬಹುಶಃ ಸಾಮಾನ್ಯ ಪಾಚಿ. ಮೇಲೆದ್ದು ಬಾಟಲಿಯ ಕೊರಳ ಸುತ್ತ ಉಂಗುರ ಕಟ್ಟಿದ್ದರೆ ಸಯನೋಬ್ಯಾಕ್ಟೀರಿಯಾ ಎಂದೇ ತಿಳಿಯಿರಿ. ವಿಷ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಉಂಗುರ ಕಂಡ ದಿನದಿಂದ ಮಕ್ಕಳನ್ನು ನೀರಿಗಿಳಿಸಬೇಡಿ, ದನಗಳನ್ನು ಕೆನೆ ಕಟ್ಟಿದ ದಡದಿಂದ ಆಚೆ ಹೊಡೆಯಿರಿ. ಆ ಕೆರೆಯ ಮೀನು ತಿನ್ನಲೇಬೇಕಾದರೆ ಕರುಳು, ಯಕೃತ್ತು ಪೂರಾ ತೆಗೆದು ಬಿಸಾಡಿ, ಬೇರೆ ನೀರಿನಲ್ಲಿ ತೊಳೆದು ಬೇಯಿಸಿ. ಮೀನಿನ ಮೈಯಲ್ಲಿ ವಿಷ ಹೆಚ್ಚು ಸೇರುವುದು ಆ ಭಾಗಗಳಲ್ಲಿ. ಬಾಟಲಿಯ ಫೋಟೊ ತೆಗೆದು ತಾರೀಖು, ಕೆರೆಯ ಹೆಸರು ಬರೆದು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಎಡ್ಮಂಡ್‌ಸನ್ ಕೈಯಲ್ಲಿ ಹೋಲಿಸಿ ನೋಡಲು 1933ರ ಅಳತೆಯಿತ್ತು. ನಮ್ಮ ಊರುಗಳಲ್ಲಿ ಅಂಥ ಮೊದಲ ದಾಖಲೆ ಬರೆಯಬಲ್ಲವರು ಸದ್ಯಕ್ಕೆ ಕೆರೆಗೆ ದಿನಾ ಇಳಿಯುವವರೇ.